ಕಾಗದ ಮೊದಲು, ಬಂದೂಕು ಕೊನೆಗೆ

ನಮ್ಮೂರು ಕೆಂಚನಗುಡ್ಡ. ಸಿರುಗುಪ್ಪ ತಾಲ್ಲೂಕು, ತುಂಗಭದ್ರೆಯ ದಂಡೆ. ವಸುಧೇಂದ್ರತೀರ್ಥರ ಬೃಂದಾವನ ಇರುವ ಊರು ಎಂದರೆ ದೂರದವರಿಗೂ ಗುರುತು ಸಿಗುತ್ತದೆ. ನಮ್ಮ ಮಟ್ಟಿಗೆ ಅದು ಭತ್ತದ ಊರು. ನಾನು ಸಿರುಗುಪ್ಪದಲ್ಲಿ ಪತ್ರ ಬರೆಯುವ ಕೆಲಸಕ್ಕೆ ಕೂತು ಮೂವತ್ತು ವರ್ಷ ದಾಟಿತು. ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ, ಗುತ್ತಿಗೆ ಕರಾರು ಬರೆಯುತ್ತೇನೆ, ಕೊನೆಗೆ ಬರೆದವನ ಗುರುತಾಗಿ ‘ಬಿಕ್ಕಲಂ’ ಎಂದು ಹಾಕಿ ಸಹಿ ಮಾಡುತ್ತೇನೆ. ನಾನು ವಕೀಲನಲ್ಲ.

ನಮ್ಮ ಕಡೆಯ ಗಡಿಯ ಕಥೆ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಳ್ಳಾರಿ ಮೊದಲು ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1953ರ ಅಕ್ಟೋಬರ್ 1ರಂದು ಅದು ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಸಿರುಗುಪ್ಪಗಳು ಮೈಸೂರಿಗೆ ಬಂದವು. ಹೆಣ್ಣು ಕೊಡುವುದು ತರುವುದು ಮಾತ್ರ ಇಂದಿಗೂ ಹಳೇ ಜಿಲ್ಲೆಯ ಲೆಕ್ಕದಲ್ಲೇ ನಡೆದಿದೆ. ಬೀಗರ ನಡುವೆ ಎತ್ತು, ಬಿತ್ತನೆ ಬೀಜ, ಟ್ರ್ಯಾಕ್ಟರು ಎಲ್ಲವೂ ಆಚೀಚೆ ಹೋಗುತ್ತವೆ. ಒಮ್ಮೊಮ್ಮೆ ಬೆಳೆ ಕಾಯುವ ಬಂದೂಕನ್ನೂ ಹಾಗೇ ಕೊಡುವ ಮಾತು ಬರುತ್ತದೆ. ಅಂಥ ಬಂದೂಕಿನ ಕಾಗದಗಳಲ್ಲಿ ನಾನು ಮಾಡಿದ ತಪ್ಪುಗಳಿಂದ ಬೇರೆಯವರು ಕಷ್ಟಪಟ್ಟಿದ್ದಾರೆ. ಇನ್ನೊಬ್ಬರಿಗೆ ಆ ಕಷ್ಟ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

1. ಬಂದೂಕನ್ನು ಎತ್ತಿನ ಹಾಗೆ ಮಾರಲಾಗದು.

ನನ್ನ ಸೋದರಮಾವನ ಹತ್ತಿರ 12 ಬೋರಿನ ಒಂಟಿ ನಳಿಗೆ ಬಂದೂಕಿತ್ತು. ಲೈಸೆನ್ಸು ಸರಿಯಾಗಿತ್ತು. ವಯಸ್ಸಾಗಿ ಕಣ್ಣು ಮಂಜಾದಾಗ ಆದೋನಿ ಕಡೆಯ ಬೀಗರಿಗೆ ಮಾರುತ್ತೇನೆ ಎಂದ. ಅವರಿಗೂ ಲೈಸೆನ್ಸಿತ್ತು. “ಅಳಿಯಾ, ಒಂದು ಪತ್ರ ಬರಕೊಡು, ನಾಳೆ ಯಾರೂ ತಕರಾರು ಮಾಡಬಾರದು” ಅಂದ. ನಾನು ಬಾಂಡ್ ಪೇಪರ್ ಮೇಲೆ, ಎತ್ತಿನ ಜೋಡಿ ಮಾರಿದಾಗ ಬರೆಯುವ ಹಾಗೆಯೇ, ‘ಇಂದಿನಿಂದ ಇದರ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ’ ಎಂದು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದೆ. ಬೀಗರು ಅಂದೇ ಬಂದೂಕು ತೆಗೆದುಕೊಂಡು ಹೊರಟರು. ದಾರಿಯಲ್ಲಿ ತಪಾಸಣೆಯಾಯಿತು, ಅವರ ಲೈಸೆನ್ಸು ಪುಸ್ತಕದಲ್ಲಿ ಆ ಬಂದೂಕು ಇರಲಿಲ್ಲ. ನನ್ನ ಪತ್ರ ಅವರನ್ನು ಕಾಯಲಿಲ್ಲ. ಇಬ್ಬರೂ ತಪ್ಪು ಮಾಡಿದ್ದಾರೆ ಎಂಬುದಕ್ಕೆ ಅದೇ ಮೊದಲ ಪುರಾವೆಯಾಯಿತು.

1959ರ ಆಯುಧ ಕಾಯ್ದೆಯ 5ನೇ ಕಲಂ ಅನ್ನು ನಾನು ಓದಿದ್ದು ಆಮೇಲೆ. ಖಾಸಗಿ ವ್ಯಕ್ತಿ ತನ್ನ ಸ್ವಂತ ಬಳಕೆಯ ಬಂದೂಕನ್ನು ವ್ಯಾಪಾರಿ ಲೈಸೆನ್ಸಿಲ್ಲದೆ ಮಾರಬಹುದು. ಆದರೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ, ಯಾರಿಗೆ ಮಾರುತ್ತೇನೆ ಎಂಬ ಹೆಸರು ವಿಳಾಸದ ಸಮೇತ ಲಿಖಿತವಾಗಿ ತಿಳಿಸಬೇಕು. ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಮಾವ ಮತ್ತು ಬೀಗರು ನಾಲ್ಕು ವರ್ಷ ವಾಯಿದೆಗೆ ಅಲೆದರು, ಕೊನೆಗೆ ಬಿಡುಗಡೆಯಾದರು. ಇಂದು ಅದೇ ತಪ್ಪಿನ ತೂಕ ಇನ್ನೂ ಹೆಚ್ಚು. 2019ರ ತಿದ್ದುಪಡಿಯ ನಂತರ 5ನೇ ಕಲಂ ಮೀರಿ ಮಾರಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆಯಾಗಬಹುದು.

2. ನಲವತ್ತೈದು ದಿನ ಶುರುವಾಗುವುದು ಠಾಣೆಯ ಮೊಹರಿನಿಂದ.

ಎರಡನೇ ಸಲ ಕಲಂ ಗೊತ್ತಿತ್ತು, ಲೆಕ್ಕ ತಪ್ಪಿತು. ತೆಕ್ಕಲಕೋಟೆ ಕಡೆಯ ರೈತನೊಬ್ಬನಿಗೆ ಅರ್ಜಿ ಬರೆದು ತಾರೀಖು ಹಾಕಿ ಕೊಟ್ಟೆ. ಆತ ಅದನ್ನು ಜೇಬಿನಲ್ಲಿಟ್ಟುಕೊಂಡು ನಾಟಿ ಮುಗಿಸಿದ, ಮೂರು ವಾರ ಬಿಟ್ಟು ಠಾಣೆಗೆ ಕೊಟ್ಟ. ನಾನು ಎಣಿಸಿದ್ದು ಅರ್ಜಿಯ ಮೇಲಿನ ತಾರೀಖಿನಿಂದ. ಅವನು ಸ್ವೀಕೃತಿಯನ್ನೂ ಪಡೆದಿರಲಿಲ್ಲ. ಕೊಳ್ಳುವವನು ಮುಂಗಡ ಕೊಟ್ಟು ಬಾಡಿಗೆ ಗಾಡಿ ಮಾಡಿಕೊಂಡು ಬಂದ ದಿನ ನನ್ನ ಲೆಕ್ಕ ಸುಳ್ಳೆಂದು ತಿಳಿಯಿತು. ಅದೃಷ್ಟಕ್ಕೆ ಬಂದೂಕು ಮನೆಯಿಂದ ಹೊರಗೆ ಹೋಗಿರಲಿಲ್ಲ. ಗಾಡಿ ಬಾಡಿಗೆಯನ್ನು ನಾನೇ ಕೊಟ್ಟೆ, ಅದು ನ್ಯಾಯ.

ಅಂದಿನಿಂದ ಅರ್ಜಿಯನ್ನು ಎರಡು ಪ್ರತಿ ಮಾಡುತ್ತೇನೆ. ಎರಡನೇ ಪ್ರತಿಯ ಮೇಲೆ ಠಾಣೆಯ ಅಥವಾ ಡಿಸಿ ಕಚೇರಿಯ ಟಪಾಲು ವಿಭಾಗದ ಮೊಹರು, ತಾರೀಖು, ಸಹಿ ಮೂರೂ ಬೀಳುವವರೆಗೆ ದಿನ ಎಣಿಸುವುದಿಲ್ಲ. ಮುಂಗಡವನ್ನೂ ಕೊಡಿಸುವುದಿಲ್ಲ. ದುಡ್ಡು ಕೈ ಬದಲಾಯಿತೆಂದರೆ ಬಂದೂಕು ಕೊಡುವ ಅವಸರ ಇಬ್ಬರಿಗೂ ಹತ್ತುತ್ತದೆ. ಈ ಕೆಲಸದಲ್ಲಿ ಹೆಚ್ಚಿನ ತಪ್ಪುಗಳು ಆ ಅವಸರದಲ್ಲೇ ಆಗುವುದನ್ನು ಕಂಡಿದ್ದೇನೆ.

3. ಮಾರುವವನ ಮಾತಿಗಿಂತ ಮೊದಲು ಕೊಳ್ಳುವವನ ಪುಸ್ತಕ ನೋಡಬೇಕು.

‘ಅವರ ಹತ್ತಿರ ಲೈಸೆನ್ಸ್ ಐತಿ’ ಎಂಬ ಮಾತನ್ನು ನಾನು ಬಹಳ ವರ್ಷ ಹಾಗೇ ನಂಬಿದೆ. ಲೈಸೆನ್ಸು ಇರುವುದು ಒಂದು, ಈ ಬಂದೂಕನ್ನು ಕೊಳ್ಳುವ ಅರ್ಹತೆ ಇರುವುದು ಇನ್ನೊಂದು. ಕೊಳ್ಳುವವನಿಗೆ 21 ವರ್ಷ ತುಂಬಿರಬೇಕು. ಲೈಸೆನ್ಸಿನ ಅವಧಿ ಮುಗಿದಿರಬಾರದು. 2019ರ ತಿದ್ದುಪಡಿಯಿಂದ ಅವಧಿ 5 ವರ್ಷ, ಹಿಂದೆ 3 ಇತ್ತು. ಅದೇ ತಿದ್ದುಪಡಿ ಒಬ್ಬರ ಹತ್ತಿರ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ತಾತನ ಕಾಲದಿಂದ ಬಂದದ್ದೆಂದರೂ ಅದು ಆ ಎರಡರೊಳಗೇ ಸೇರಬೇಕು.

ಒಮ್ಮೆ ಒಬ್ಬರು ಆಲೂರಿನಿಂದ ಬಂದರು. ಪುಸ್ತಕ ಅಚ್ಚುಕಟ್ಟಾಗಿತ್ತು. ನಾನು ಮೊದಲ ಪುಟ ನೋಡಿ ತೃಪ್ತಿಪಟ್ಟೆ. ಅವರ ಹೆಸರಲ್ಲಿ ಆಗಲೇ ಎರಡು ಇವೆ ಎಂಬುದು ಒಳಪುಟದಲ್ಲಿತ್ತು. ಮಾರುವವನ 45 ದಿನ ಮುಗಿದು, ಓಡಾಟವೆಲ್ಲ ಆದ ಮೇಲೆ ವ್ಯವಹಾರ ಮುರಿಯಿತು. ಈಗ ಕೊನೇ ಪುಟದಿಂದ ಹಿಂದಕ್ಕೆ ಓದುತ್ತೇನೆ. ಯುಐಎನ್ ಎಂಬ ಗುರುತಿನ ಸಂಖ್ಯೆ ಇದೆಯೇ, ಹೊಸ ಆಯುಧ ಕೊಳ್ಳಲು ಅನುಮತಿಯ ನಮೂದು ಇದೆಯೇ, ಲೈಸೆನ್ಸು ಯಾವ ಪ್ರದೇಶಕ್ಕೆ ಚಾಲ್ತಿ ಎಂದು ಬರೆದಿದೆ ಎಂದು ನೋಡುತ್ತೇನೆ. ಎದುರಿನವನಿಗೆ ಹಕ್ಕಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಬಂದೂಕು ಕೊಟ್ಟರೆ ಕಾಯ್ದೆಯ 29ನೇ ಕಲಂ ಪ್ರಕಾರ ಕೊಟ್ಟವನೇ ಅಪರಾಧಿ. ‘ನನಗೆ ಗೊತ್ತಿರಲಿಲ್ಲ’ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ.

4. ಗಡಿಯ ಎರಡೂ ಕಡೆ ಒಂದೊಂದು ಕಚೇರಿ ಇದೆ, ಎರಡಕ್ಕೂ ಕಾಗದ ಹೋಗಬೇಕು.

ಆಯುಧ ಕಾಯ್ದೆ ಕೇಂದ್ರದ್ದು, ಇಡೀ ದೇಶಕ್ಕೆ ಒಂದೇ. ಹಾಗಾಗಿ ಬಳ್ಳಾರಿಯಲ್ಲಿ ಒಪ್ಪಿದರೆ ಕರ್ನೂಲಿನಲ್ಲೂ ಒಪ್ಪಿದ ಹಾಗೆ ಎಂದುಕೊಂಡಿದ್ದೆ. ಕಾಯ್ದೆ ಒಂದೇ ಆದರೂ ಲೈಸೆನ್ಸು ಕೊಡುವವರು ಆಯಾ ಜಿಲ್ಲೆಯವರು. ಮಾರುವವನ ದಾಖಲೆ ಬಳ್ಳಾರಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಕೊಳ್ಳುವವನದು ಕರ್ನೂಲಿನಲ್ಲಿ. ಇಲ್ಲಿಯ ನಿರಾಕ್ಷೇಪಣಾ ಪತ್ರ ಅಲ್ಲಿಗೆ ತಲುಪಿ, ಅಲ್ಲಿಯ ಒಪ್ಪಿಗೆ ಇಲ್ಲಿಗೆ ಗೊತ್ತಾಗುವ ತನಕ ಕೆಲಸ ಅರ್ಧವೇ.

ನಾನು ಮಾಡಿದ್ದ ತಪ್ಪು ಸಣ್ಣದು, ಅದರ ಬೆಲೆ ದೊಡ್ಡದು. ಅಚ್ಚ ಕನ್ನಡದಲ್ಲಿ ಅರ್ಜಿ ಬರೆದು ಅದರ ಪ್ರತಿಯನ್ನೇ ಆಚೆಗೂ ಕಳಿಸಿದೆ. ಓದಲಾರದ ಕಾಗದ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿತೋ ತಿಳಿಯಲಿಲ್ಲ. ಅಲ್ಲಿಯ ನೌಕರರನ್ನು ದೂರುವುದು ತಪ್ಪು, ನಾನು ಅವರ ಭಾಷೆಯಲ್ಲಿ ಬರೆಯಬೇಕಿತ್ತು. ಈಗ ಆದೋನಿಯ ಗೆಳೆಯರೊಬ್ಬರಿಂದ ತೆಲುಗಿನಲ್ಲಿ ಬರೆಸಿ ಜೊತೆಗಿಡುತ್ತೇನೆ. ಬಂದೂಕಿನ ನಂಬರು, ಬೋರು, ನಳಿಗೆ ಎಷ್ಟು, ಲೈಸೆನ್ಸು ನಂಬರು ಇವನ್ನು ಮೇಲುಗಡೆಯೇ ಒಂದು ಪಟ್ಟಿಯಲ್ಲಿ ಕೊಡುತ್ತೇನೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ ಕಡೆಯವರಿಗೂ ಇದೇ ಎಚ್ಚರ ಹೇಳುತ್ತೇನೆ. ಪುಸ್ತಕದ ಮೇಲೆ ಬಳ್ಳಾರಿ ಎಂದಿದ್ದರೂ ಕಡತ ಈಗ ಯಾವ ಜಿಲ್ಲೆಯಲ್ಲಿದೆ ಎಂದು ವಿಚಾರಿಸಿಯೇ ಅರ್ಜಿ ಬರೆಸಬೇಕು.

5. ಬಿಚ್ಚಿ ಪಾರ್ಸಲ್ ಮಾಡಿದರೂ ಅದು ಬಂದೂಕೇ.

ಇದನ್ನು ಬರೆಯುವಾಗ ಈಗಲೂ ಅಳುಕುತ್ತೇನೆ. ಕಾಗದವೆಲ್ಲ ಮುಗಿದಿದ್ದ ಒಂದು ಪ್ರಕರಣದಲ್ಲಿ ಕೊಳ್ಳುವವರಿಗೆ ಬರಲು ಆಗಲಿಲ್ಲ. ‘ನಳಿಗೆ ಬೇರೆ, ಕಟ್ಟಿಗೆಯ ಹಿಡಿ ಬೇರೆ ಮಾಡಿ ಎರಡು ಪಾರ್ಸಲ್ ಹಾಕಿಬಿಡಿ, ಬಿಚ್ಚಿದ ಮೇಲೆ ಅದು ಬರೀ ಕಬ್ಬಿಣ’ ಎಂದು ಸಲಹೆ ಕೊಟ್ಟವನು ನಾನು. ಪಾರ್ಸಲ್ ಕಟ್ಟೆಯಲ್ಲಿದ್ದ ಹುಡುಗ ಗೋಣಿಚೀಲವನ್ನು ಒತ್ತಿ ನೋಡಿ ‘ಇದು ಬ್ಯಾಡ್ರಿ, ವಾಪಸ್ ಒಯ್ರಿ’ ಎಂದ. ಆ ಹುಡುಗ ಅಂದು ಒಂದು ಮನೆಯನ್ನು ಉಳಿಸಿದ. ಕಾಯ್ದೆಯ 2ನೇ ಕಲಂ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ತೋಟಾ ಅಂತೂ ಸಿಡಿಮದ್ದು, ಅಂಚೆಗೆ ಹಾಕುವ ಮಾತೇ ಇಲ್ಲ.

ಲೈಸೆನ್ಸುದಾರ ತನ್ನ ಬಂದೂಕನ್ನು ತಾನೇ ಒಯ್ಯುವುದು ಬೇರೆ, ಅದನ್ನು ಸರಕಿನಂತೆ ಇನ್ನೊಬ್ಬರ ಗಾಡಿಯಲ್ಲಿ ಕಳಿಸುವುದು ಬೇರೆ. ಸಾಗಣೆಗೆ ಕಾಯ್ದೆಯಲ್ಲಿ 12ನೇ ಕಲಂ ಇದೆ, 2016ರ ಆಯುಧ ನಿಯಮಗಳಲ್ಲಿ ಸಾಗಣೆ ಲೈಸೆನ್ಸೇ ಪ್ರತ್ಯೇಕ. ನಮ್ಮಂಥ ಸಾಮಾನ್ಯರಿಗೆ ಸುರಕ್ಷಿತವಾದ ದಾರಿಗಳು ಎರಡು. ಅನುಮತಿಗಳೆಲ್ಲ ಕೈಗೆ ಬಂದ ಮೇಲೆ ಕೊಳ್ಳುವವನು ತನ್ನ ಪುಸ್ತಕದೊಡನೆ ತಾನೇ ಬಂದು ಒಯ್ಯುವುದು ಒಂದು. ಅವನ ಲೈಸೆನ್ಸು ಕರ್ನೂಲು ಜಿಲ್ಲೆಗೆ ಮಾತ್ರ ಚಾಲ್ತಿಯಿದ್ದರೆ ನಮ್ಮ ಜಿಲ್ಲೆಯ ದಾರಿಗೂ ಮುಂಚಿತವಾಗಿ ಲಿಖಿತ ಅನುಮತಿ ಬೇಕು. ಇನ್ನೊಂದು, ಲೈಸೆನ್ಸು ಇರುವ ಆಯುಧ ವ್ಯಾಪಾರಿಯ ಮೂಲಕ ಹೋಗುವುದು. ಅಮೆರಿಕದಲ್ಲಿ ಬಂದೂಕಿಗೆ ತಡೆಯೇ ಇಲ್ಲ ಎಂದು ನಮ್ಮಲ್ಲಿ ಮಾತಿದೆ. ಅಲ್ಲಿಯೂ 1968ರ ಕಾನೂನಿನ ಪ್ರಕಾರ ಒಂದು ರಾಜ್ಯದ ಖಾಸಗಿ ವ್ಯಕ್ತಿ ಇನ್ನೊಂದು ರಾಜ್ಯದವನಿಗೆ ನೇರವಾಗಿ ಮಾರುವಂತಿಲ್ಲ, ಕೇಂದ್ರದ ಲೈಸೆನ್ಸು ಪಡೆದ ವ್ಯಾಪಾರಿ ನಡುವೆ ಇರಲೇಬೇಕು. ರಾಜ್ಯದ ಗೆರೆ ಅಲ್ಲಿಯೂ ಗೆರೆಯೇ.

6. ‘ನನ್ನ ಪರವಾಗಿ ಒಯ್ಯುತ್ತಿದ್ದಾನೆ’ ಎಂಬ ಚೀಟಿ ಮಾರಾಟಕ್ಕೆ ನಡೆಯದು.

ಕಾಯ್ದೆಯ 3ನೇ ಕಲಮಿನಲ್ಲಿ ಒಂದು ಅನುಕೂಲವಿದೆ. ಲೈಸೆನ್ಸುದಾರನ ಎದುರಿಗೆ, ಅಥವಾ ಅವನ ಲಿಖಿತ ಅಧಿಕಾರದ ಮೇಲೆ, ಇನ್ನೊಬ್ಬನು ಬಂದೂಕನ್ನು ಒಯ್ಯಬಹುದು. ನಾನು ಅಷ್ಟನ್ನೇ ಓದಿ ಪುಸ್ತಕ ಮುಚ್ಚಿದ್ದೆ. ಅಪ್ಪನ ಬಂದೂಕನ್ನು ಆಚೆಯ ಊರಿಗೆ ಕೊಟ್ಟು ಬರಲು ಹೊರಟಿದ್ದ ಒಬ್ಬ ಹುಡುಗನಿಗೆ ಧೈರ್ಯವಾಗಿ ಅಧಿಕಾರ ಪತ್ರ ಬರೆದುಕೊಟ್ಟೆ. ರಾತ್ರಿ ನಿದ್ದೆ ಬರದೆ ಮತ್ತೆ ತೆರೆದೆ. ವಾಕ್ಯ ಮುಂದುವರಿದಿತ್ತು. ರಿಪೇರಿಗೆ, ಲೈಸೆನ್ಸಿನ ನವೀಕರಣಕ್ಕೆ, ಅಥವಾ ಲೈಸೆನ್ಸುದಾರನ ಸ್ವಂತ ಬಳಕೆಗೆ ಮಾತ್ರ ಎಂದಿತ್ತು. ಮಾರಾಟದ ಹೆಸರು ಅಲ್ಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಮುಂಚೆ ಅವನ ಮನೆ ಬಾಗಿಲು ತಟ್ಟಿ ಚೀಟಿ ವಾಪಸ್ ಪಡೆದೆ. ಆ ಹುಡುಗನ ತಾಯಿ ಚಹಾ ಕೊಟ್ಟರು, ನನಗೆ ಗಂಟಲಲ್ಲಿ ಇಳಿಯಲಿಲ್ಲ. ಒಂದು ಕಲಂ ಓದಿದರೆ ಅದರ ಪೂರ್ಣವಿರಾಮದ ತನಕ ಓದಬೇಕು, ಅರ್ಧ ಓದಿ ಸಲಹೆ ಕೊಡುವುದಕ್ಕಿಂತ ಗೊತ್ತಿಲ್ಲ ಎನ್ನುವುದು ಒಳ್ಳೆಯದು ಎಂದು ಅಂದು ಕಲಿತೆ.

7. ನಂಬರನ್ನು ಹಗಲಲ್ಲಿ, ಕಣ್ಣಾರೆ ಓದಬೇಕು.

ಪುಸ್ತಕದಲ್ಲಿದ್ದ ನಂಬರನ್ನೇ ನಾನು ಅರ್ಜಿಗೆ ಇಳಿಸುತ್ತಿದ್ದೆ. ಒಮ್ಮೆ ಪುಸ್ತಕದಲ್ಲಿ 3 ಇದ್ದದ್ದು ನಳಿಗೆಯ ಮೇಲೆ 8 ಆಗಿತ್ತು. ಎಂದೋ ಯಾರೋ ನವೀಕರಣದಲ್ಲಿ ನಕಲು ಮಾಡುವಾಗ ಆದ ತಪ್ಪು. ಒಂದು ಅಂಕಿ ತಪ್ಪಿದರೆ ಕಾಗದದ ಬಂದೂಕು ಬೇರೆ, ಕೈಯಲ್ಲಿರುವ ಬಂದೂಕು ಬೇರೆ, ಕೈಯಲ್ಲಿರುವುದಕ್ಕೆ ಲೈಸೆನ್ಸೇ ಇಲ್ಲ. ತಿದ್ದಿಸಲು ಆ ಮನೆಯವರು ಬಳ್ಳಾರಿಗೆ ಎಷ್ಟು ಸಲ ಹೋಗಿಬಂದರೋ, ಅಷ್ಟು ಸಲವೂ ನನ್ನ ಮುಂದೆಯೇ ಹಾದುಹೋದರು.

ಗುರುತೇ ಇಲ್ಲದ ಹಳೆಯ ಮದ್ದಿನ ತುಪಾಕಿಗಳದು ಇನ್ನೂ ಕಠಿಣ. ತಯಾರಕನ ಹೆಸರು, ನಂಬರು ಅಥವಾ ಒಪ್ಪಿತ ಗುರುತು ಇಲ್ಲದ ಬಂದೂಕನ್ನು ಮಾರುವುದನ್ನು 8ನೇ ಕಲಂ ತಡೆಯುತ್ತದೆ. ಹಾಗಾಗಿ ಈಗ ಅರ್ಜಿಗೆ ಮೊದಲು ಗುಂಡು ಇಲ್ಲವೆಂದು ಖಾತ್ರಿ ಮಾಡಿಸಿ, ಅವರ ಮನೆಯಂಗಳದಲ್ಲೇ, ಬಿಸಿಲಿನಲ್ಲಿ ನಂಬರು ಓದಿಸುತ್ತೇನೆ. ಒಬ್ಬರು ಓದಬೇಕು, ಇನ್ನೊಬ್ಬರು ಬರೆಯಬೇಕು, ಮತ್ತೆ ಅದಲುಬದಲಾಗಿ ಒಮ್ಮೆ.

8. ತೀರಿಹೋದವರ ಬಂದೂಕು ಮೊದಲು ಠಾಣೆಗೆ ಹೋಗಬೇಕು.

ಗಂಡ ತೀರಿಕೊಂಡು ವರ್ಷವಾದ ಮೇಲೆ ಒಬ್ಬ ತಾಯಿ ಬಂದರು. ಬಂದೂಕು ಇನ್ನೂ ಗೋಡೆಯ ಮೇಲೇ ಇತ್ತು. ಮಗಳ ಮದುವೆ ಖರ್ಚಿಗೆ ಅದನ್ನು ರಾಯದುರ್ಗದ ಭಾವನಿಗೆ ಮಾರುವ ಆಸೆ. ನಾನು ಮಾರಾಟದ ಅರ್ಜಿ ಬರೆಯಲು ಕೂತೆ. ಯಾರ ಹೆಸರಲ್ಲಿ ಬರೆಯಲಿ? ಲೈಸೆನ್ಸುದಾರ ಇಲ್ಲ. ಆ ತಾಯಿಗೆ ಲೈಸೆನ್ಸಿಲ್ಲ, ಅಂದರೆ ಒಂದು ವರ್ಷದಿಂದ ಆ ಮನೆಯಲ್ಲಿ ಬಂದೂಕು ಇದ್ದದ್ದೇ ಕಾನೂನಿಗೆ ಹೊರಗೆ. ತಿಥಿಯ ದಿನ ಅವರ ಮನೆಯಲ್ಲಿ ಊಟ ಮಾಡಿ, ಆ ಗೋಡೆಯನ್ನು ನೋಡಿ, ಏನೂ ಹೇಳದೆ ಬಂದವನು ನಾನೇ.

21ನೇ ಕಲಂ ಇಂಥವರಿಗೆ ದಾರಿ ಇಟ್ಟಿದೆ. ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸು ಇರುವ ವ್ಯಾಪಾರಿಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ನಂತರ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೇ ಅರ್ಹರಿಗೆ ಮಾರಿಸಿ ಹಣ ಪಡೆಯಬಹುದು. ನಿಗದಿತ ಅವಧಿ ಮೀರಿದರೆ ಸರ್ಕಾರದ ಪಾಲಾಗುತ್ತದೆ. ಬದುಕಿರುವಾಗಲೇ ವ್ಯವಸ್ಥೆ ಮಾಡುವುದು ಇನ್ನೂ ಒಳ್ಳೆಯದು. 70 ವರ್ಷ ತುಂಬಿದವರು, ಅಥವಾ 25 ವರ್ಷ ಬಂದೂಕು ಇಟ್ಟುಕೊಂಡವರು, ತಾವು ಹೆಸರಿಸಿದ ವಾರಸುದಾರರಿಗೆ ಲೈಸೆನ್ಸು ಕೋರಬಹುದು. ಈಗ ಹಿರಿಯರು ಪಾಲುಪಟ್ಟಿ ಬರೆಸಲು ಬಂದರೆ ಹೊಲ ಮನೆಯ ಜೊತೆಗೆ ಇದನ್ನೂ ಕೇಳುತ್ತೇನೆ.

9. ಎರಡು ರಾಜ್ಯದ ಚುನಾವಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

2024ರ ಆರಂಭದಲ್ಲಿ ಒಂದು ವ್ಯವಹಾರ ಹದಕ್ಕೆ ಬಂದಿತ್ತು. ಮಾರ್ಚ್ ಕೊನೆಗೆ 45 ದಿನ ಮುಗಿಯುತ್ತಿತ್ತು. ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ನೀತಿಸಂಹಿತೆ ಬಂತು. ಬಂದೂಕುಗಳನ್ನು ಠಾಣೆಗೆ ಒಪ್ಪಿಸುವ ಆದೇಶವಾಯಿತು. ಬಳ್ಳಾರಿಯಲ್ಲಿ ಮತದಾನ ಮೇ 7ಕ್ಕೆ, ಆಂಧ್ರದಲ್ಲಿ ಲೋಕಸಭೆಯ ಜೊತೆ ವಿಧಾನಸಭೆಗೂ ಮೇ 13ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟರಲ್ಲಿ ಮುಂಗಾರು ಬಂತು, ಎಲ್ಲರೂ ಹೊಲಕ್ಕೆ ಇಳಿದರು, ಕಡತ ದೀಪಾವಳಿಯ ತನಕ ಅಲುಗಲಿಲ್ಲ.

ನನಗೆ ಚುನಾವಣೆ ಬರುವುದು ಗೊತ್ತಿರಲಿಲ್ಲವೆಂದಲ್ಲ, ಅದನ್ನು ಇದಕ್ಕೆ ಜೋಡಿಸಿ ನೋಡಿರಲಿಲ್ಲ. ನಮ್ಮ ವಿಧಾನಸಭೆ ಚುನಾವಣೆ 2023ರ ಮೇ ತಿಂಗಳಲ್ಲಿ ಆಗಿತ್ತು. ಗಡಿಯವರಿಗೆ ನಮ್ಮದು ಒಂದು, ಅವರದು ಒಂದು. ಈಗ ಅರ್ಜಿ ಬರೆಯುವ ಮೊದಲು ಎರಡೂ ಕಡೆಯ ಚುನಾವಣೆಯನ್ನು ಕೇಳುತ್ತೇನೆ.

10. ಕೊಟ್ಟ ಮೇಲೆ ಪುಸ್ತಕದಿಂದ ತೆಗೆಸದಿದ್ದರೆ ಕೊಟ್ಟಂತಲ್ಲ.

ಕ್ರಮಬದ್ಧವಾಗಿ ಬಂದೂಕು ಮಾರಿದ್ದ ಹಿರಿಯರೊಬ್ಬರಿಗೆ ಮುಂದಿನ ಚುನಾವಣೆಯಲ್ಲಿ ‘ನಿಮ್ಮ ಬಂದೂಕು ಒಪ್ಪಿಸಿ’ ಎಂದು ನೋಟಿಸು ಬಂತು. ಕೊಳ್ಳುವವನ ಪುಸ್ತಕಕ್ಕೆ ಅದು ಸೇರಿತ್ತು, ಇವರ ಪುಸ್ತಕದಿಂದ ಹೋಗಿರಲಿಲ್ಲ. ಹಸ್ತಾಂತರದ ದಿನ ಎಲ್ಲರೂ ಊಟ ಮಾಡಿ ಹೊರಟೆವು, ಕಡೆಯ ಕಾಗದ ಬರೆಯುವುದನ್ನು ನಾನು ಮರೆತೆ. ಎಂಬತ್ತು ದಾಟಿದ ಆ ಹಿರಿಯರು ಇಲ್ಲದ ಬಂದೂಕಿಗೆ ಲೆಕ್ಕ ಕೊಡಲು ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಬೈಯಲಿಲ್ಲ, ‘ಬಂದೆಯೇನಪಾ’ ಎಂದರು ಅಷ್ಟೆ.

ಅದಕ್ಕೇ ಈಗ ಹಸ್ತಾಂತರದ ದಿನವೇ ಎರಡು ಪತ್ರ ಬರೆಯುತ್ತೇನೆ. ಒಂದು ಕೊಳ್ಳುವವನ ಕಡೆಯ ಕಚೇರಿಗೆ, ಇನ್ನೊಂದು ನಮ್ಮ ಕಡೆಯ ಕಚೇರಿಗೂ ಠಾಣೆಗೂ. ಮಾರಿದವನ ಪುಸ್ತಕದಲ್ಲಿ ರದ್ದಾದ ನಮೂದನ್ನು ಕಣ್ಣಾರೆ ನೋಡಿದ ಮೇಲೆಯೇ ಕಡತ ಕಟ್ಟುತ್ತೇನೆ.

11. ಕೆಲವರಿಗೆ ‘ಬೇಡ’ ಎಂದೂ ಹೇಳಬೇಕು.

ಹಂದಿ ಕಾಟಕ್ಕೆ ಬಂದೂಕು ಕೊಳ್ಳುತ್ತೇನೆ ಎನ್ನುವವರ ಸಂಕಟ ನನಗೆ ಗೊತ್ತು, ನಮ್ಮ ಗದ್ದೆಯೂ ಹೊಳೆಯ ದಂಡೆಯಲ್ಲೇ ಇದೆ. ಆದರೆ ಬಂದೂಕಿನ ಲೈಸೆನ್ಸು ಪ್ರಾಣಿ ಹೊಡೆಯುವ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಬೇರೆ. ನಮ್ಮ ಸಿರುಗುಪ್ಪದ ಎರೆಹೊಲಗಳು ಕೃಷ್ಣಮೃಗದ ನೆಲ, ಎರೆಭೂತವೆಂದು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಕಾಣಿಸಿಕೊಂಡ ನೆಲ. ಇಂಥಲ್ಲಿ ಕತ್ತಲಲ್ಲಿ ಹಾರಿಸಿದ ಒಂದು ಗುಂಡು ಯಾವುದಕ್ಕೆ ತಾಗುತ್ತದೆ ಎಂದು ಯಾರು ಹೇಳಬಲ್ಲರು? ಬಹಳ ವರ್ಷ ನಾನು ಕೇಳಿದವರಿಗೆಲ್ಲ ಅರ್ಜಿ ಬರೆದೆ, ಏಕೆ ಬೇಕು ಎಂದು ಕೇಳಲಿಲ್ಲ. ಈಗ ಕೇಳುತ್ತೇನೆ. ಕೆಲವರು ಮಾತಾಡಿ ಹಿಂತಿರುಗುತ್ತಾರೆ, ನನಗೆ ಬರುವ ಫೀಜು ತಪ್ಪುತ್ತದೆ, ಇರಲಿ.

ಮಾವನ ಬಂದೂಕು ಅವನಿಗೆ ಮತ್ತೆ ಸಿಗಲಿಲ್ಲ. ಬಿಡುಗಡೆಯ ಆದೇಶ ಬರುವ ಹೊತ್ತಿಗೆ ಅವನ ಲೈಸೆನ್ಸು ತೀರಿತ್ತು, ನವೀಕರಿಸುವ ಮನಸ್ಸೂ ಅವನಿಗಿರಲಿಲ್ಲ. ಆ ನಾಲ್ಕು ವರ್ಷದ ಬಸ್ ಖರ್ಚು, ವಕೀಲರ ಖರ್ಚು ಯಾವುದನ್ನೂ ಅವನು ನನ್ನ ಮುಂದೆ ಎತ್ತಲಿಲ್ಲ. ಮುಂದಿನ ಮುಂಗಾರಿಗೆ ಮೂರು ಎಕರೆ ಗುತ್ತಿಗೆಗೆ ಕೊಡುವಾಗ ಮತ್ತೆ ನನ್ನ ಹತ್ತಿರವೇ ಬಂದು ಕೂತ. “ಬರಿ ಅಳಿಯಾ” ಎಂದ. ಬರೆದ ಕರಾರನ್ನು ಅಂದು ಮೂರು ಸಲ ಓದಿ ಹೇಳಿದೆ. ಪ್ರತಿ ಸಾಲಿಗೂ ಅವನು ತಲೆಯಾಡಿಸುತ್ತಿದ್ದ. ನಾಲ್ಕನೇ ಸಲ ಓದಲು ಹೊರಟಾಗ ಕಾಗದದ ಮೇಲೆ ಕೈಯಿಟ್ಟು “ಸಾಕು, ಸರಿ ಐತಿ” ಎಂದು ಹೆಬ್ಬೆಟ್ಟು ಮುಂದೆ ಚಾಚಿದ.